ಮಾಡಿನ ನೆತ್ತಿಗೆ ಬಿದ್ದ ಮಳೆ: ಶಿರಸಿ ಸೀಮೆಯ ಕಾಡಿನಲ್ಲಿ ಜಲಪಾತ, ಬಂಡೆ, ಕೋಟೆ ಒಟ್ಟಿಗೆ ಏಕಿವೆ?

ಮಳೆ ಸ್ವಲ್ಪ ಬಿಡುವು ಕೊಟ್ಟರೆ ಸಾಕು, ಶನಿವಾರ ಬೆಳಗ್ಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ರಸ್ತೆಗಳಲ್ಲಿ ಹೊರ ಊರಿನ ಕಾರುಗಳು ಸಾಲುಗಟ್ಟುತ್ತವೆ. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ನೋಡಿ ಬಂದವರೇ ಹೆಚ್ಚು. ಯಾಣದ ಬಂಡೆಯ ಮುಂದೆ ಒಂದು ಫೋಟೋ, ಜಲಪಾತದ ಮುಂದೆ ಇನ್ನೊಂದು, ಸಹಸ್ರಲಿಂಗದಲ್ಲಿ ಮತ್ತೊಂದು. ಸಂಜೆ ಹೊತ್ತಿಗೆ ವಾಪಸ್. ಹೀಗೆ ಬಂದು ಹೋದವರಲ್ಲಿ ಹಲವರು ಕೇಳುವ ಪ್ರಶ್ನೆಗಳು ಮಾತ್ರ ಒಳ್ಳೆಯವು. ಇಷ್ಟೊಂದು ಜಲಪಾತ ಒಂದೇ ಕಡೆ ಏಕೆ? ಯಾಣದಲ್ಲಿ ಮಾತ್ರ ಆ ಕಪ್ಪು ಬಂಡೆ ಎಲ್ಲಿಂದ ಬಂತು? ದಟ್ಟ ಕಾಡಿನ ನಡುವೆ ರಾಜಧಾನಿ ಕಟ್ಟಿದವರು ಯಾರು, ಏಕೆ?

ಈ ಪ್ರಶ್ನೆಗಳಿಗೆ ಬೇರೆ ಬೇರೆ ಉತ್ತರ ಹುಡುಕಬೇಕಿಲ್ಲ. ಕಲ್ಲು, ಮಳೆ, ಕಾಳುಮೆಣಸು ಈ ಮೂರನ್ನು ಹಿಡಿದುಕೊಂಡರೆ ಈ ಸೀಮೆಯ ಬಹುಪಾಲು ಜಾಗಗಳು ಒಂದೇ ಕಥೆಯ ತುಂಡುಗಳಾಗಿ ಕಾಣುತ್ತವೆ.

ಮೊದಲು ನೆಲ: ಘಟ್ಟದ ಮೇಲೆ, ಘಟ್ಟದ ಕೆಳಗೆ

ಉತ್ತರ ಕನ್ನಡದವರನ್ನು ಯಾವ ಊರು ಎಂದು ಕೇಳಿದರೆ ಊರ ಹೆಸರಿನ ಜೊತೆಗೇ ‘ಘಟ್ಟದ ಮೇಲೆ’ ಅಥವಾ ‘ಘಟ್ಟದ ಕೆಳಗೆ’ ಎಂಬ ಮಾತೂ ಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಘಟ್ಟದ ಮೇಲಿನವು. ಕುಮಟಾ, ಹೊನ್ನಾವರ, ಅಂಕೋಲಾ ಘಟ್ಟದ ಕೆಳಗಿನವು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ; ಅಲ್ಲಿಂದ 60 ಕಿ.ಮೀ. ದೂರದ ಕುಮಟಾ ಕಡಲ ಪಕ್ಕದಲ್ಲೇ ಇದೆ. ಅಷ್ಟೂ ಎತ್ತರ ದಾರಿಯುದ್ದಕ್ಕೂ ಸಮವಾಗಿ ಇಳಿಯುವುದಿಲ್ಲ. ಹೆಚ್ಚಿನ ಇಳಿತವೆಲ್ಲ ದೇವಿಮನೆ ಘಟ್ಟದ ಕೆಲವೇ ತಿರುವುಗಳಲ್ಲಿ ಮುಗಿದುಹೋಗುತ್ತದೆ.

ಹಾಗಾದರೆ ಘಟ್ಟ ಎಂದರೇನು? ದೂರದಿಂದ ನೋಡಿದವರಿಗೆ ಅದು ಬೆಟ್ಟದ ಸಾಲು. ಆದರೆ ಕೆಳಗಿಂದ ಹತ್ತಿ ಮೇಲೆ ಬಂದ ಮೇಲೆ ಆಚೆ ಬದಿಗೆ ಅಷ್ಟೇ ಇಳಿಯಬೇಕಾಗುವುದಿಲ್ಲ. ಮೇಲೆ ಬಂದರೆ ಮೇಲೆಯೇ. ಅಂದರೆ ಇದು ಮನೆಯ ಜಗಲಿಯ ಅಂಚಿನಂತೆ. ಜಗಲಿ ಎಂದರೆ ದಖ್ಖನ್ ಪ್ರಸ್ಥಭೂಮಿ, ಅಂಗಳ ಎಂದರೆ ಕರಾವಳಿ, ನಡುವಿನ ಮೆಟ್ಟಿಲೇ ಘಟ್ಟ.

ಈ ಮೆಟ್ಟಿಲು ಹುಟ್ಟಿದ್ದು ಬಹಳ ಹಿಂದೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ಮಡಗಾಸ್ಕರ್‌ನಿಂದ ಬೇರ್ಪಟ್ಟಿತು. ಆ ಸೀಳಿನಲ್ಲಿ ನಮ್ಮ ಪಶ್ಚಿಮದ ಅಂಚು ಎತ್ತರದಲ್ಲೇ ಉಳಿದು, ಆಚೆಗಿನ ನೆಲ ತಗ್ಗಿ ಕಡಲಾಯಿತು. ಅಂದಿನಿಂದ ಮಳೆ, ಹೊಳೆಗಳು ಆ ಅಂಚನ್ನು ಕೊರೆಯುತ್ತಲೇ ಇವೆ. ಕೊರೆತಕ್ಕೆ ಸಿಕ್ಕಿರುವ ಕಲ್ಲು ಇನ್ನೂ ಹಳೆಯದು. ಈ ಭಾಗದ ತಳದ ಶಿಲೆಗಳು 250 ಕೋಟಿ ವರ್ಷಕ್ಕಿಂತ ಹಿಂದಿನವು.

ಮಳೆಯ ಕಥೆಯೂ ಇದೇ ಮೆಟ್ಟಿಲಿನದು. ಜೂನ್‌ನಲ್ಲಿ ಕಡಲಿನಿಂದ ಬರುವ ಹಸಿಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮೇಲೇರಿದಂತೆ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಮೊದಲಿನಷ್ಟು ತೇವ ಹಿಡಿದುಕೊಳ್ಳಲಾರದು. ಕುದಿಯುವ ಪಾತ್ರೆಯ ಮುಚ್ಚಳ ತೆಗೆದಾಗ ಅದರ ಒಳಮೈಯಿಂದ ನೀರು ತೊಟ್ಟಿಕ್ಕುತ್ತದಲ್ಲ, ಅದೇ ಲೆಕ್ಕ. ಘಟ್ಟದ ಅಂಚಿನ ಊರುಗಳಲ್ಲಿ ಒಂದು ಮಳೆಗಾಲಕ್ಕೆ 3 ಮೀಟರ್‌ಗೂ ಮಿಕ್ಕಿ ಮಳೆ ಸುರಿಯುತ್ತದೆ. ಪೂರ್ವಕ್ಕೆ ಹೋದಂತೆ ಇದು ಎಷ್ಟು ಬೇಗ ಇಳಿಯುತ್ತದೆಂದರೆ, ಹುಬ್ಬಳ್ಳಿಯಲ್ಲಿ ವರ್ಷಕ್ಕೆ 1 ಮೀಟರ್ ಕೂಡ ಬೀಳುವುದಿಲ್ಲ.

ಒಂದೇ ಮಳೆ, ಎರಡು ಕಡಲು

ಹಂಚಿನ ಮನೆಯ ಮಾಡನ್ನು ನೆನಪಿಸಿಕೊಳ್ಳಿ. ನೆತ್ತಿಯ ಮೇಲೆ ಬಿದ್ದ ಹನಿ ಒಂದು ಗೇಣು ಆಚೆ ಬಿದ್ದರೆ ಮುಂದಿನ ಅಂಗಳಕ್ಕೆ, ಈಚೆ ಬಿದ್ದರೆ ಹಿತ್ತಿಲಿಗೆ. ಘಟ್ಟದ ನೆತ್ತಿಯೂ ಹೀಗೆಯೇ. ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಬಳಿ ಹುಟ್ಟುವ ವರದಾ ಪೂರ್ವಕ್ಕೆ ಹರಿದು ತುಂಗಭದ್ರೆಯನ್ನೂ ಕೃಷ್ಣೆಯನ್ನೂ ಕೂಡಿ ಬಂಗಾಳ ಕೊಲ್ಲಿ ಸೇರುತ್ತದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಪಶ್ಚಿಮಕ್ಕೆ ಹರಿದು ಕುಮಟಾ ತಾಲ್ಲೂಕಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಆದರೆ ಈ ಮಾಡಿನ ಎರಡು ಇಳಿಜಾರುಗಳು ಒಂದೇ ತೆರನಲ್ಲ. ಪೂರ್ವದ ಕಡೆ ಬಲು ಉದ್ದ, ಬಲು ನಿಧಾನ. ಪಶ್ಚಿಮದ ಕಡೆ ಗಿಡ್ಡ, ಕಡಿದು.

ಜಲಪಾತಗಳ ಗುಟ್ಟು ಇಲ್ಲಿದೆ. ಪಶ್ಚಿಮಕ್ಕೆ ಹೊರಟ ಪ್ರತಿಯೊಂದು ಹೊಳೆಯೂ ಎಲ್ಲಾದರೂ ಒಂದು ಕಡೆ ಜಗಲಿಯಿಂದ ಅಂಗಳಕ್ಕೆ ಇಳಿಯಲೇಬೇಕು. ಶರಾವತಿ ಇಳಿದ ಜಾಗ ಜೋಗ, 253 ಮೀಟರ್. ಅಘನಾಶಿನಿ ಇಳಿದ ಜಾಗ ಉಂಚಳ್ಳಿ, 116 ಮೀಟರ್. ಬೇಡ್ತಿ ಹೊಳೆ ಇಳಿದ ಜಾಗ ಯಲ್ಲಾಪುರದ ಮಾಗೋಡು. ಅಲ್ಲಿ ನೀರು ಒಂದೇ ನೆಗೆತಕ್ಕೆ ಬೀಳದೆ ಹಂತ ಹಂತವಾಗಿ ಸುಮಾರು 200 ಮೀಟರ್ ಇಳಿಯುತ್ತದೆ. ಸಣ್ಣ ಹಳ್ಳಗಳು ಇಳಿದ ಕಡೆಯೆಲ್ಲ ಬುರುಡೆ, ಶಿವಗಂಗಾ, ಸಾತೊಡ್ಡಿ ಎಂಬ ಹೆಸರುಗಳು ಸಿಗುತ್ತವೆ. ನಕ್ಷೆಯಲ್ಲಿ ಈ ಹೆಸರುಗಳಿಗೆಲ್ಲ ಒಂದೊಂದು ಚುಕ್ಕೆ ಇಟ್ಟು ಗೆರೆ ಎಳೆದರೆ ಘಟ್ಟದ ಅಂಚೇ ಮೂಡಿ ನಿಲ್ಲುತ್ತದೆ.

ಉಂಚಳ್ಳಿಗೆ ‘ಕೆಪ್ಪಜೋಗ’ ಎಂಬ ಹೆಸರೂ ಇದೆ. ಹತ್ತಿರ ನಿಂತವರ ಕಿವಿ ಕೆಪ್ಪಾಗುವಷ್ಟು ಸದ್ದು. ಬ್ರಿಟಿಷರ ದಾಖಲೆಗಳಲ್ಲಿ ಇದು ಲಷಿಂಗ್ಟನ್ ಜಲಪಾತ. 1845ರಲ್ಲಿ ಇಲ್ಲಿಗೆ ಬಂದ ಜಿಲ್ಲಾಧಿಕಾರಿ ಜೆ. ಡಿ. ಲಷಿಂಗ್ಟನ್ ಇದನ್ನು ‘ಕಂಡುಹಿಡಿದರು’ ಎಂದು ಈಗಲೂ ಬರೆಯುವುದುಂಟು. ಕಿವಿ ಕೆಪ್ಪಾಗಿ ಹೆಸರಿಟ್ಟವರು ಅವರಿಗಿಂತ ಎಷ್ಟೋ ಮೊದಲೇ ಅಲ್ಲಿದ್ದರು ಎಂಬುದನ್ನು ಮರೆಯಬಾರದು.

ಇನ್ನೊಂದು ವ್ಯತ್ಯಾಸ ತಿಳಿದಿರಲಿ. ಜೋಗದ ಮೇಲ್ಭಾಗದಲ್ಲಿ 1964ರಿಂದ ಲಿಂಗನಮಕ್ಕಿ ಅಣೆಕಟ್ಟು ಇದೆ. ಹಾಗಾಗಿ ಜೋಗದಲ್ಲಿ ಎಷ್ಟು ನೀರು ಬೀಳುತ್ತದೆ ಎಂಬುದಕ್ಕೆ ಮಳೆಯ ಜೊತೆಗೆ ವಿದ್ಯುತ್ತಿನ ಲೆಕ್ಕವೂ ಸೇರಿದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಉಂಚಳ್ಳಿಯಲ್ಲಿ ಕಾಣುವುದು ಆ ಋತುವಿನ ಹೊಳೆಯ ನಿಜವಾದ ಮೈ.

ಯಾಣ: ಅಡುಗೆಮನೆಯ ಕಡಪ ಕಲ್ಲು ಹೇಳುವ ಕಥೆ

‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂಬ ಗಾದೆ ಈ ಕಡೆ ಎಲ್ಲರ ಬಾಯಲ್ಲಿದೆ. ಗೋಕರ್ಣಕ್ಕೆ ಹೋಗಲು ಕೈಯಲ್ಲಿ ಕಾಸಿರಬೇಕು, ಯಾಣಕ್ಕೆ ಹೋಗಲು ಮೈಯಲ್ಲಿ ಕಸುವಿರಬೇಕು ಎಂದರ್ಥ. ರಸ್ತೆ ಇಲ್ಲದ ಕಾಲದಲ್ಲಿ ಹುಟ್ಟಿದ ಮಾತು. ಇಂದು ವಾಹನ ಬಹುತೇಕ ಹತ್ತಿರಕ್ಕೇ ಹೋಗುತ್ತದೆ, ಉಳಿದಷ್ಟು ಕಾಲುದಾರಿ, ಮೆಟ್ಟಿಲು. ಆದರೂ ಮರಗಳ ನಡುವಿನಿಂದ ಇದ್ದಕ್ಕಿದ್ದಂತೆ ಎದ್ದು ನಿಲ್ಲುವ ಆ ಕಪ್ಪು ಗೋಡೆಯ ಮುಂದೆ ಎಂಥವರ ಮಾತೂ ನಿಂತುಹೋಗುತ್ತದೆ. ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ಪಕ್ಕದ ಮೋಹಿನಿ ಶಿಖರ 90 ಮೀಟರ್.

ಸುತ್ತಮುತ್ತ ಎಲ್ಲೂ ಇಲ್ಲದ ಆಕಾರ ಇಲ್ಲೇ ಏಕೆ? ಇದು ಸುಣ್ಣಕಲ್ಲು. ಸುಣ್ಣಕಲ್ಲಿನ ಗುಣ ತಿಳಿಯಲು ಯಾಣಕ್ಕೆ ಹೋಗಬೇಕಿಲ್ಲ, ಅಡುಗೆಮನೆ ಸಾಕು. ಕಟ್ಟೆಗೆ ಹಾಸುವ ಕಪ್ಪು ಕಡಪ ಕಲ್ಲೂ ಸುಣ್ಣಕಲ್ಲಿನ ಜಾತಿಯದೇ. ಅದರ ಮೇಲೆ ನಿಂಬೆರಸ ಚೆಲ್ಲಿ ಒರೆಸಲು ಮರೆತರೆ ಬೆಳಗ್ಗೆ ಬಿಳಿಚಿದ ಕಲೆ ಉಳಿದಿರುತ್ತದೆ. ಎಷ್ಟು ತಿಕ್ಕಿದರೂ ಹೋಗದು. ಏಕೆಂದರೆ ಅದು ಮೇಲೆ ಅಂಟಿದ ಕಲೆಯಲ್ಲ. ಹುಳಿ ಆ ಜಾಗದಲ್ಲಿ ಕಲ್ಲನ್ನೇ ಕೂದಲೆಳೆಯಷ್ಟು ತಿಂದಿರುತ್ತದೆ.

ಮಳೆನೀರಿಗೂ ಅಂಥದೇ ಚೂರು ಹುಳಿಗುಣವಿದೆ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಮಳೆಹನಿಯಲ್ಲಿ ಸ್ವಲ್ಪ ಕರಗುತ್ತದೆ. ಕೊಳೆಯುತ್ತಿರುವ ಎಲೆಯ ರಾಶಿಯ ಮೂಲಕ ಇಳಿದು ಬರುವಾಗ ಇನ್ನಷ್ಟು ಸೇರುತ್ತದೆ. ಸೋಡಾ ಬಾಟಲಿಯಲ್ಲಿರುವುದೂ ಇದೇ ಅನಿಲ, ಆದರೆ ಮಳೆಯಲ್ಲಿರುವುದು ಅತಿ ಕಡಿಮೆ. ಇಷ್ಟು ಸಪ್ಪೆ ಹುಳಿ ಒಂದು ವರ್ಷದಲ್ಲಿ ಮಾಡುವ ಕೆಲಸ ಕಣ್ಣಿಗೆ ಕಾಣದು. ಲಕ್ಷಾಂತರ ಮಳೆಗಾಲ ಸುರಿದರೆ? ಬಂಡೆಯಲ್ಲಿದ್ದ ಬಿರುಕುಗಳು ಅಗಲವಾಗುತ್ತವೆ. ಬಿರುಕು ಸಂದಿಯಾಗಿ, ಸಂದಿ ಓಣಿಯಾಗಿ, ನಡುವೆ ಉಳಿದ ಭಾಗ ಕಂಬದಂತೆ ಒಂಟಿಯಾಗಿ ನಿಲ್ಲುತ್ತದೆ. ಮೇಲಿಂದ ಇಳಿಯುವ ನೀರಿನ ಗೀರುಗಳು ತುದಿಯನ್ನು ಚೂಪಾಗಿಸುತ್ತವೆ. ಭೈರವೇಶ್ವರ ಶಿಖರದ ಬುಡದ ಸೀಳಿನೊಳಗೆ ಹೊಕ್ಕು ಮೇಲೆ ನೋಡಿದರೆ ಆಕಾಶದ ತುಂಡೊಂದು ಕಾಣುತ್ತದೆ. ನೀವು ನಿಂತಿರುವುದು ಮಳೆ ತಿಂದು ಬಿಟ್ಟ ಜಾಗದಲ್ಲಿ.

ಹಾಗೆ ಕರಗಿದ ಸುಣ್ಣ ಎಲ್ಲಿ ಹೋಯಿತು? ಬಹುಪಾಲು ಹೊಳೆಯೊಂದಿಗೆ ಕಡಲಿಗೆ. ಸ್ವಲ್ಪ ದಾರಿಯಲ್ಲೇ ಮತ್ತೆ ಕಲ್ಲಾಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದವರಿಗೆ ಇದು ಹೊಸದಲ್ಲ. ದಾಂಡೇಲಿ ಕಾಡಿನ ಕವಳ ಗುಹೆಯಲ್ಲಿರುವ ಲಿಂಗ ಬೆಳೆದದ್ದು ಹೀಗೆ. ಚಾವಣಿಯಿಂದ ಹನಿ ಬೀಳುವಾಗ ಪ್ರತಿ ಹನಿಯೂ ಕಣ್ಣಿಗೆ ಕಾಣದಷ್ಟು ಸುಣ್ಣ ಬಿಟ್ಟು ಹೋಗುತ್ತದೆ, ಕೆಳಗೆ ದಿಬ್ಬ ಏಳುತ್ತದೆ. ಯಾಣದ ಹತ್ತಿರದ ವಿಭೂತಿ ಜಲಪಾತಕ್ಕೆ ಆ ಹೆಸರು ಬಂದದ್ದು ಅಲ್ಲಿನ ಬಿಳಿಚಿದ ಸುಣ್ಣಕಲ್ಲಿನಿಂದ ಎನ್ನುತ್ತಾರೆ.

ಊರವರ ಕಥೆ ಬೇರೆ. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಬೇಕು ಎಂಬ ವರವನ್ನು ಶಿವನಿಂದ ಪಡೆದ ಭಸ್ಮಾಸುರ, ಅದನ್ನು ಶಿವನ ಮೇಲೆಯೇ ಪರೀಕ್ಷಿಸಲು ಬೆನ್ನಟ್ಟಿದ. ವಿಷ್ಣು ಮೋಹಿನಿಯಾಗಿ ಬಂದು ಕುಣಿದ, ಜೊತೆಗೆ ಕುಣಿಯುತ್ತ ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟ. ಆ ಬೆಂಕಿಯಲ್ಲಿ ಬಂಡೆಗಳೂ ಸುತ್ತಲ ಮಣ್ಣೂ ಕಪ್ಪಾದವು. ಈ ಎರಡು ಕಥೆಗಳು ಒಂದನ್ನೊಂದು ಅಳಿಸಬೇಕಿಲ್ಲ. ಇಲ್ಲಿನ ಮಣ್ಣು ಸುತ್ತಲಿನ ಕೆಂಪುಮಣ್ಣಿನಂತಿಲ್ಲ ಎಂಬುದನ್ನು ಮೊದಲು ಗಮನಿಸಿ, ಅದಕ್ಕೊಂದು ಕಾರಣ ಬೇಕು ಎಂದು ಯೋಚಿಸಿದವರು ಆ ಕಥೆ ಕಟ್ಟಿದವರೇ. ಗುಹೆಯ ಲಿಂಗದ ಮೇಲೆ ಬಂಡೆಯಿಂದ ತಾನಾಗಿ ನೀರು ತೊಟ್ಟಿಕ್ಕುತ್ತಿರುತ್ತದೆ. ಭಕ್ತರಿಗೆ ಅದು ಗಂಗೆ. ಶಿವರಾತ್ರಿಯಲ್ಲಿ ಇಲ್ಲಿ ದೊಡ್ಡ ಜಾತ್ರೆ. ಪಕ್ಕದಲ್ಲೇ ಹರಿಯುವ ಚಂಡಿಹೊಳೆ ಕೆಳಗೆ ಅಘನಾಶಿನಿಯನ್ನು ಸೇರುತ್ತದೆ.

‘ಕಾಡು’ ಎಂಬ ಒಂದೇ ಪದ ಸಾಲದು

ಕಾರಿನ ಕಿಟಕಿಯಿಂದ ಎಲ್ಲವೂ ಹಸಿರೇ. ಇಲ್ಲಿಯವರು ಮಾತ್ರ ಅದಕ್ಕೆ ಬೇರೆ ಬೇರೆ ಹೆಸರಿಟ್ಟಿದ್ದಾರೆ.

ಅಡಿಕೆ ತೋಟದ ಮೇಲಿನ ಇಳಿಜಾರಿನಲ್ಲಿ, ಕೊಂಬೆ ಸವರಿಸಿಕೊಂಡ ಗಿಡ್ಡ ಮರಗಳಿರುವ ಜಾಗ ‘ಸೊಪ್ಪಿನಬೆಟ್ಟ’. ತೋಟಕ್ಕೆ ಬೇಕಾದ ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು ಬೆಳೆಗಾರರಿಗೆ ಇಲ್ಲಿದೆ. 1 ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ದಾಖಲೆಯಲ್ಲಿದೆ. ಅಂದರೆ ನೀವು ‘ಎಂಥ ಕಾಡು’ ಎಂದು ಮೆಚ್ಚಿಕೊಳ್ಳುವ ಎಷ್ಟೋ ಜಾಗ ತೋಟವೊಂದರ ಗೊಬ್ಬರದ ಉಗ್ರಾಣ.

ವರ್ಷವಿಡೀ ಹಸಿರಾಗಿ, ಒಳಗೆ ಬಿಸಿಲೇ ಬೀಳದಂತೆ ಒತ್ತಾಗಿರುವುದು ‘ಕಾನು’. ಹಲವು ಕಾನುಗಳು ದೇವರ ಹೆಸರಿನಲ್ಲಿ ಉಳಿದವು. ಅಲ್ಲಿ ಮರ ಕಡಿಯಬಾರದೆಂಬ ಕಟ್ಟು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹೆಸರೇ ಎಲ್ಲವನ್ನೂ ಹೇಳುತ್ತದೆ. ಅದರೊಳಗೆ ವರ್ಷವಿಡೀ ಕೆಸರಾಗಿರುವ ‘ರಾಮಪತ್ರೆ ಜಡ್ಡಿ’ಗಳಿವೆ. ರಾಮಪತ್ರೆ ಎಂದರೆ ಜಾಯಿಕಾಯಿಯ ಕಾಡು ಸಂಬಂಧಿ. ಕೆಸರಿನಲ್ಲಿ ಗಾಳಿ ಇರುವುದಿಲ್ಲ, ಬೇರಿಗೆ ಉಸಿರಾಡಬೇಕು. ಹಾಗಾಗಿ ಬೇರುಗಳು ನೆಲದಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ಹತ್ತಾರು ಮೊಣಕಾಲುಗಳು ಕೆಸರಿನಿಂದ ಎದ್ದು ನಿಂತಂತೆ ಕಾಣುತ್ತದೆ. ಬಹಳ ಪ್ರಾಚೀನ ಬಗೆಯ ಕಾಡಿನ ಉಳಿದ ಚೂರುಗಳಿವು. ಇವೇ ಮರಗಳ ತುದಿಯಲ್ಲಿ ಸಿಂಗಳೀಕಗಳು ಬದುಕುತ್ತವೆ. ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೆ ಕೊಂಬೆ ತಾಗಿರದಿದ್ದರೆ ಅದರ ದಾರಿ ಕಡಿದಂತೆ. ಶರಾವತಿ ಕಣಿವೆಯ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಸಿಂಗಳೀಕದ ಹೆಸರನ್ನೇ ಇಟ್ಟದ್ದು ಈ ಕಾರಣಕ್ಕೆ.

ಉಳಿದದ್ದೆಲ್ಲ ತಾನಾಗಿ ಉಳಿಯಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಲಿನ ಜನ ಕಡಿತಕ್ಕೆ ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆ ಮುಂದಾಳುತನದ ಆ ‘ಅಪ್ಪಿಕೋ’ ಚಳವಳಿ ಬಳಿಕ ಘಟ್ಟದ ಬೇರೆ ಕಡೆಗೂ ಹಬ್ಬಿತು.

ಬನವಾಸಿ: ಕಾಡಿಗೆ ಬೆನ್ನು, ಬಯಲಿಗೆ ಮುಖ

ಕಾಡಿನ ನಡುವೆ ರಾಜಧಾನಿ ಏಕೆ ಎಂಬ ಪ್ರಶ್ನೆಗೆ ಬನವಾಸಿಯ ಜಾಗವೇ ಉತ್ತರ ಹೇಳುತ್ತದೆ. ಶಿರಸಿಯಿಂದ ಪೂರ್ವಕ್ಕೆ ಸುಮಾರು 23 ಕಿ.ಮೀ. ಹೋದರೆ ಇಳಿಜಾರು ತಗ್ಗಿ, ಗದ್ದೆ ಬಯಲು ತೆರೆದುಕೊಳ್ಳುತ್ತದೆ. ವರದಾ ನದಿ ಊರನ್ನು ಮೂರು ಬದಿಯಿಂದ ಬಳಸಿ ಹರಿಯುತ್ತದೆ. ಹಿಂದೆ ಘಟ್ಟದ ಕಾಡು, ಮುಂದೆ ಅನ್ನ ಬೆಳೆಯುವ ಬಯಲು, ಸುತ್ತ ನೀರಿನ ಕಂದಕ. ಕಡಲಿನಿಂದ ಬರುವ ಸರಕು ಘಟ್ಟ ಹತ್ತಿ ಬಯಲಿಗೆ ಹೋಗಬೇಕಾದರೆ ಈ ಸೀಮೆಯನ್ನು ಹಾದೇ ಹೋಗಬೇಕು.

ಹಾಗಾಗಿ ಕದಂಬರಿಗಿಂತ ಮೊದಲೇ ಇದು ದೊಡ್ಡ ಊರು. 2ನೆಯ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿ ಈ ಊರನ್ನು ಹೆಸರಿಸಿದ್ದಾನೆ. ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿರುವ ನಾಗರಕಲ್ಲನ್ನು ತಪ್ಪದೆ ನೋಡಿ. ಐದು ಹೆಡೆಯ ನಾಗ, ಅಂಚಿನಲ್ಲಿ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ರಾಜನ ಮಗಳೊಬ್ಬಳು ಈ ನಾಗನನ್ನು, ಒಂದು ಕೆರೆಯನ್ನು, ಒಂದು ವಿಹಾರವನ್ನು ದಾನವಾಗಿ ಕೊಟ್ಟಳೆಂದು ಅದು ಹೇಳುತ್ತದೆ. ಕೆತ್ತಿದ ಶಿಲ್ಪಿಯ ಹೆಸರೂ ಇದೆ: ನಟಕ. ಬಹುಪಾಲು ಜನ ಅದರ ಮುಂದೆ ನಿಲ್ಲದೆ ದಾಟಿ ಹೋಗುತ್ತಾರೆ. ಸುಮಾರು 1,800 ವರ್ಷಗಳ ಹಿಂದಿನ ಒಬ್ಬ ಕೆಲಸಗಾರನ ಹೆಸರು ಕಲ್ಲಿನ ಮೇಲೆ ಉಳಿದಿರುವುದು ನನಗಂತೂ ಇಡೀ ದೇವಸ್ಥಾನದಷ್ಟೇ ದೊಡ್ಡ ಸಂಗತಿ.

ಕದಂಬರ ಕಥೆ ತಿಳಿಯುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನದಿಂದ. ಮಯೂರಶರ್ಮ ಎಂಬ ಬ್ರಾಹ್ಮಣ ಯುವಕ ಓದಲು ಕಂಚಿಯ ಘಟಿಕೆಗೆ, ಅಂದರೆ ಅಂದಿನ ವಿದ್ಯಾಪೀಠಕ್ಕೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ಅವಮಾನವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ಸುಮಾರು ಕ್ರಿ.ಶ. 345ರಲ್ಲಿ ಬನವಾಸಿಯಲ್ಲಿ ಅವನ ಆಳ್ವಿಕೆ ಮೊದಲಾಯಿತು. ಕನ್ನಡ ನೆಲದಲ್ಲೇ ಹುಟ್ಟಿ, ಇಲ್ಲಿಂದಲೇ ಆಳಿದ ಮೊದಲ ರಾಜಮನೆತನವೆಂದು ಕದಂಬರನ್ನು ಗುರುತಿಸುತ್ತಾರೆ. ಅವರ ಕಾಲದ ಹಲ್ಮಿಡಿ ಶಾಸನದಲ್ಲಿ ಕನ್ನಡ ಆಡಳಿತದ ಬರಹವಾಗಿ ಕಾಣಿಸಿಕೊಳ್ಳುತ್ತದೆ. ಹತ್ತಿರದ ಗುಡ್ನಾಪುರದ ಕೆರೆಯ ಪಕ್ಕ ಕದಂಬ ರವಿವರ್ಮನ ಶಾಸನಸ್ತಂಭ ಸಿಕ್ಕಿದೆ.

ಇಂದು ಕಾಣುವ ಮಧುಕೇಶ್ವರ ದೇವಸ್ಥಾನ ಒಂದೇ ಕಾಲದ್ದಲ್ಲ. ಕದಂಬರಿಂದ ಚಾಲುಕ್ಯರು, ಶಿರಸಿ ಹತ್ತಿರದ ಸೋದೆಯ ಅರಸರವರೆಗೆ ಬಂದವರೆಲ್ಲ ಒಂದೊಂದು ಸೇರಿಸಿದರು, ಹಳೆಯ ಮನೆಗೆ ತಲೆಮಾರಿಗೊಂದು ಚಾವಡಿ ಸೇರಿದಂತೆ. ಸೋದೆ ಅರಸರ ಕಾಲದ ಕಲ್ಲಿನ ಮಂಚ ಈಗಲೂ ಅಲ್ಲಿದೆ.

ಮೆಣಸು ಹೋದ ದಾರಿ

ಕಾಳುಮೆಣಸಿನ ಬಳ್ಳಿಗೆ ಬೇಕಾದದ್ದು ಮೂರು: ಹಬ್ಬಲು ಒಂದು ಮರ, ನೆರಳು, ಜೋರು ಮಳೆ. ಹೂ ಬಿಟ್ಟ ಕರೆಯ (ಹೂಗೊಂಚಲಿನ) ಮೇಲೆ ಮಳೆಹನಿ ಇಳಿದರೆ ಪರಾಗ ಹರಡಲು ನೆರವಾಗುತ್ತದೆ. ಜಡಿಮಳೆಗೆ ಹೆದರದೆ, ಅದನ್ನೇ ನೆಚ್ಚಿ ಕಾಯಿಕಟ್ಟುವ ಬೆಳೆ ಇದು. ಹಾಗಾಗಿ ಘಟ್ಟದ ಅಂಚು ಅದರ ತವರು. ಒಣಗಿಸಿದರೆ ಕೆಡದು, ತೂಕ ಕಡಿಮೆ, ಬೆಲೆ ಹೆಚ್ಚು. ಎತ್ತಿನ ಬೆನ್ನಿನ ಮೇಲೆ ಹೇರಿ ಘಟ್ಟ ಇಳಿಸಲು ಇದಕ್ಕಿಂತ ಒಳ್ಳೆಯ ಸರಕಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಮಲಬಾರ್ ತೀರ ಮುಟ್ಟಿದ ಬಳಿಕ ಇಡೀ ಪಶ್ಚಿಮ ಕರಾವಳಿಯ ಮೆಣಸು ಯುರೋಪಿನ ರಾಜಕೀಯವಾಯಿತು.

ಈಗ ನಕ್ಷೆಯಲ್ಲಿ ಗೇರುಸೊಪ್ಪೆ ನೋಡಿ. ಶರಾವತಿ ಘಟ್ಟ ಇಳಿದು ಸಮತಟ್ಟಾಗುವ ಜಾಗ. ಹೊನ್ನಾವರದಿಂದ ಹೊಳೆಯಲ್ಲಿ ಮೇಲೆ ಬರುವ ದೋಣಿಗಳು ಇಲ್ಲಿಯವರೆಗೆ ಬರಬಹುದಿತ್ತು, ಇಲ್ಲಿಂದ ಮುಂದೆ ಘಟ್ಟ. ಅಂದರೆ ಎತ್ತಿನ ಬೆನ್ನಿನ ಸರಕು ದೋಣಿಗೆ ಇಳಿಯುವ ತಾಣ. ಅಲ್ಲಿ ಹಣ ಸೇರಿತು, ಪಟ್ಟಣ ಬೆಳೆಯಿತು, ಅರಸುತನ ಬಂತು. ಸಾಳುವ ಮನೆತನದ ಜೈನ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ, ಇಲ್ಲಿಂದ ಆಳಿದಳು. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಅವರೊಂದಿಗೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. ಕೊನೆಗೆ ಅವಳ ರಾಜ್ಯ ಹೋದದ್ದು ಪೋರ್ಚುಗೀಸರಿಗಲ್ಲ, ಘಟ್ಟದ ಮೇಲಿನ ಕೆಳದಿ ನಾಯಕರಿಗೆ.

ಆ ಪಟ್ಟಣ ಈಗ ಮರಗಳ ಕೆಳಗಿದೆ. ಉಳಿದದ್ದರಲ್ಲಿ ದೊಡ್ಡದು ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಕಡೆಯಿಂದ ಒಳಹೊಕ್ಕರೂ ತೀರ್ಥಂಕರನ ಮುಖ. ಸಂಜೆಯ ಹೊತ್ತು ಅಲ್ಲಿ ನಿಂತರೆ ಈ ಕಾಡು ಒಂದು ಕಾಲಕ್ಕೆ ಪೇಟೆಯಾಗಿತ್ತು ಎಂಬುದನ್ನು ನಂಬಲು ಕಷ್ಟವಾಗುತ್ತದೆ.

ಕುಮಟಾದ ಉತ್ತರಕ್ಕೆ, ಹೆದ್ದಾರಿಯ ಪಕ್ಕದಲ್ಲೇ ಇರುವ ಮಿರ್ಜಾನ್ ಕೋಟೆ ಇದೇ ರಾಣಿಯ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಅಘನಾಶಿನಿಯ ಮುಖದ ಬಂದರನ್ನು ಕಾಯುವ ಕೋಟೆ ಅದು. ಅದರ ಗೋಡೆ ಚಿರೆಕಲ್ಲಿನದು. ಈ ಕಲ್ಲೂ ಮಳೆಯ ಕೂಸೇ. ವರ್ಷ ವರ್ಷವೂ ಜೋರು ಮಳೆ ಇಳಿದು ಬಂಡೆಯಲ್ಲಿನ ಕರಗುವ ಅಂಶಗಳನ್ನೆಲ್ಲ ತೊಳೆದು ಒಯ್ದ ಮೇಲೆ ಕರಗದ ಕಬ್ಬಿಣ, ಅಲ್ಯುಮಿನಿಯಂ ಅಂಶ ಹಿಂದೆ ಉಳಿಯುತ್ತದೆ. ಅದೇ ಆ ಕೆಂಪು, ಆ ತೂತುಗಳು. ನೆಲದೊಳಗಿರುವಾಗ ಮೆದು, ಕಡಿದು ಗಾಳಿಗೆ ಒಣಗಿಸಿದರೆ ಗಟ್ಟಿ. ಕಟ್ಟುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು?

ಘಟ್ಟದ ಮೇಲೆ ಮೆಣಸಿನ ಸೀಮೆಯನ್ನು ಆಳಿದ ಇನ್ನೊಂದು ಮನೆತನ ಸೋದೆಯದು. ವಾದಿರಾಜ ಸ್ವಾಮಿಗಳ ವೃಂದಾವನ, ಜೈನ ಮಠ, ಸ್ವರ್ಣವಲ್ಲಿ ಮಠ ಎಲ್ಲ ಒಂದೇ ಸೀಮೆಯಲ್ಲಿ ಸಿಗುವುದು ಆ ಕಾಲದ ಸಿರಿಯಿಂದ. ಹೈದರ್ ಅಲಿ 1763ರಲ್ಲಿ ಕೆಳದಿ ನಾಯಕರ ರಾಜಧಾನಿ ಬಿದನೂರನ್ನು ಗೆದ್ದ ಬೆನ್ನಿಗೆ ಸೋದೆಯೂ ಬಿತ್ತು. ಅರಸು ಮನೆತನ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆಯಿತು.

ಶಾಲ್ಮಲಾ ಹೊಳೆಯ ಸಹಸ್ರಲಿಂಗ ಸೋದೆಯ ಅರಸ ಸದಾಶಿವರಾಯನ ಕಾಲದ್ದೆಂದು ಹೇಳುತ್ತಾರೆ. ಅವನ ಆಳ್ವಿಕೆ 1678ರಿಂದ 1718. ಹೊಳೆಯ ನಡುವಿನ ಅರೆಕಲ್ಲುಗಳ ಮೇಲೆ ಸಾಲು ಸಾಲು ಲಿಂಗ, ಜೊತೆಗೆ ನಂದಿ. ಗುಡಿಯಲ್ಲಿ ಅಭಿಷೇಕಕ್ಕೆ ಅರ್ಚಕರು ಬೇಕು, ಇಲ್ಲಿ ಹೊಳೆಯೇ ಅಭಿಷೇಕ ಮಾಡುತ್ತದೆ. ಮಳೆಗಾಲದಲ್ಲಿ ಹೋದವರು ‘ಏನೂ ಇಲ್ಲ’ ಎಂದು ಬೇಸರಪಡುತ್ತಾರೆ. ಎಲ್ಲ ನೀರಿನಡಿ ಇರುತ್ತವೆ. ನೀರು ಇಳಿದು ಕಲ್ಲು ಹೊರಬೀಳುವ ಬೇಸಿಗೆಯಲ್ಲೇ ಉಳಿ ಹಿಡಿದವರಿಗೆ ಕೆಲಸ ಸಾಧ್ಯ ಎಂದುಕೊಂಡು ನೋಡಿದರೆ ಪ್ರತಿ ಲಿಂಗದ ಹಿಂದಿನ ತಾಳ್ಮೆ ಅರಿವಾಗುತ್ತದೆ.

ಯಾವಾಗ ಹೋಗಬೇಕು, ಯಾವಾಗ ಬೇಡ

ಜಲಪಾತಗಳಿಗೆ ಅಕ್ಟೋಬರಿನಿಂದ ಡಿಸೆಂಬರ್ ಹಿತ. ಜುಲೈ, ಆಗಸ್ಟಿನಲ್ಲಿ ನೀರು ಹೆಚ್ಚಿದ್ದರೂ ಮಂಜು ಮುಸುಕಿ ಸದ್ದು ಮಾತ್ರ ಕೇಳಿಸುವ ದಿನಗಳೇ ಹೆಚ್ಚು. ಸಹಸ್ರಲಿಂಗಕ್ಕೆ ಜನವರಿಯ ನಂತರ. ಯಾಣಕ್ಕೆ ಚಳಿಗಾಲ. ಸೋದೆಯ ಹತ್ತಿರದ ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿಗಳು ಮುಂಡಿಗೆ ಪೊದೆಯ ಮೇಲೆ ಗೂಡು ಕಟ್ಟುವುದನ್ನು ನೋಡಬೇಕಾದರೆ ಮಾತ್ರ ಮಳೆಗಾಲದಲ್ಲೇ ಬರಬೇಕು.

ಮಳೆಗಾಲದಲ್ಲಿ ಜಿಲ್ಲಾಡಳಿತ ಕೆಲವು ಜಲಪಾತಗಳಿಗೆ, ಘಟ್ಟದ ರಸ್ತೆಗಳಿಗೆ ನಿರ್ಬಂಧ ಹಾಕುತ್ತದೆ. ಅದಕ್ಕೆ ಕಾರಣವೂ ನೆಲದಲ್ಲೇ ಇದೆ. ಗಟ್ಟಿ ಬಂಡೆಯ ಮೇಲೆ ಮಳೆಗೆ ಕೊಳೆತು ಮೆದುವಾದ ಮಣ್ಣಿನ ದಪ್ಪ ಪದರ. ಎಡೆಬಿಡದೆ ಸುರಿದರೆ ಆ ಪದರ ನೀರು ಕುಡಿದು ಭಾರವಾಗುತ್ತದೆ, ಅಡಿಯಲ್ಲಿ ಜಾರುತ್ತದೆ. ಅಕ್ಕಿಯ ರಾಶಿಯ ಬುಡದಿಂದ ಒಂದು ಬೊಗಸೆ ತೆಗೆದು ನೋಡಿ, ಮೇಲಿನದು ಕುಸಿದು ಬರುತ್ತದೆ. ರಸ್ತೆಗಾಗಿ ಗುಡ್ಡದ ಬುಡ ಕಡಿದಾಗ ಆಗುವುದೂ ಹೀಗೆಯೇ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು ಕುಸಿತಗಳನ್ನು ಈ ಜಿಲ್ಲೆ ಮರೆತಿಲ್ಲ. ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಗಂಗಾವಳಿ ಹೊಳೆಯವರೆಗೂ ಹರಿದು ಜೀವಗಳನ್ನು ಕೊಂಡೊಯ್ದಿತು. ಬಂದ್ ಎಂಬ ಫಲಕ ಕಂಡರೆ ಪಕ್ಕದ ಕಾಲುದಾರಿ ಹುಡುಕಬೇಡಿ.

ಹೊಳೆಗೆ ಇಳಿಯುವ ಮುನ್ನ ಇನ್ನೊಂದು ಮಾತು. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲೆ ಹತ್ತಾರು ಮೈಲಿಯಾಚೆ ಮಳೆ ಬಿದ್ದಿದ್ದರೆ ನೀರು ಒಮ್ಮೆಲೇ ಏರುತ್ತದೆ. ತಿಳಿಯಾಗಿದ್ದ ನೀರು ಕೆಂಪಾದರೆ, ತರಗೆಲೆ ಹೆಚ್ಚು ತೇಲಿ ಬಂದರೆ ತಕ್ಷಣ ದಡಕ್ಕೆ ಬನ್ನಿ.

ಮಳೆಗಾಲದ ಇಂಬಳ (ಜಿಗಣೆ) ರಕ್ತ ಹೀರಿ ಬಿಡುತ್ತದೆ, ಅಷ್ಟೇ. ಬೇಸಿಗೆಯ ಉಣುಗಿನ ಬಗ್ಗೆ ಮಾತ್ರ ಎಚ್ಚರ ಬೇಕು. ಮಂಗನ ಕಾಯಿಲೆಯ ವೈರಸ್ ಹರಡುವುದು ಕಾಡಿನ ಉಣುಗುಗಳಿಂದ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಸಿದ್ದಾಪುರ ಸೇರಿದಂತೆ ಈ ಸೀಮೆಯಲ್ಲಿ ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಮರುಕಳಿಸುತ್ತದೆ. ಆ ತಿಂಗಳುಗಳಲ್ಲಿ ಮೈತುಂಬ ಬಟ್ಟೆ ಹಾಕಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ದೂರವಿದ್ದು ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಮರಳಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಹೊಳೆ ಕಡಲು ಸೇರುವಲ್ಲಿ

ಎರಡು ದಿನ ಬಿಡುವಿದ್ದವರಿಗೆ ಒಂದು ಸಲಹೆ: ಸ್ಥಳಗಳ ಪಟ್ಟಿ ಬಿಟ್ಟು ಅಘನಾಶಿನಿಯ ಬೆನ್ನು ಹಿಡಿಯಿರಿ. ಶಿರಸಿಯ ಶಂಕರಹೊಂಡದಲ್ಲಿ ಅದು ಪೇಟೆಯ ನಡುವಿನ ಒಂದು ಕೊಳ. ಉಂಚಳ್ಳಿಯಲ್ಲಿ ಜಗಲಿಯಿಂದ ಧುಮುಕುತ್ತದೆ. ದಾರಿಯಲ್ಲಿ ಯಾಣದ ಚಂಡಿಹೊಳೆಯನ್ನು ಕೂಡಿಸಿಕೊಳ್ಳುತ್ತದೆ. ದಡದಲ್ಲಿ ಅಪ್ಪೆಮಿಡಿಯ ಮರಗಳಿಗೆ ನೀರುಣಿಸುತ್ತದೆ. ಮಿರ್ಜಾನ್ ಕೋಟೆಯ ಹತ್ತಿರ ಅಗಲವಾಗಿ, ಉಪ್ಪುನೀರಿನೊಂದಿಗೆ ಬೆರೆಯುತ್ತದೆ. ಈ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿಸಲಾಯಿತು.

ಇಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕಡಲ ನೀರು ಇಳಿಯುವ ಹೊತ್ತಿಗೆ ಅಳಿವೆಯ ದಡಕ್ಕೆ ಬಂದರೆ ಸೊಂಟದ ನೀರಿನಲ್ಲಿ ನಿಂತ ಹೆಂಗಸರು, ಗಂಡಸರು ಕಾಲಲ್ಲಿ ತಡಕಾಡಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಿರುತ್ತಾರೆ. ಬಳಚಿನ ಚಿಪ್ಪು ಸುಣ್ಣದ್ದೇ. ಹೊಳೆಗಳು ಘಟ್ಟದಿಂದ ತೊಳೆದು ತಂದು ಕಡಲಿಗೆ ಸೇರಿಸುವ ಸುಣ್ಣ ಇಲ್ಲಿ ಮತ್ತೆ ಗಟ್ಟಿಯಾಗಿ, ಬುಟ್ಟಿ ತುಂಬಿ, ಕುಮಟಾದ ಸಂತೆಗೆ ಹೋಗುತ್ತದೆ.